ಮುತ್ತತ್ತಿಯ ಕಲ್ಲಂಗಡಿ

ಬೆಳಿಗ್ಗೆ ಕಟ್ಟುವ ಮೊದಲ ಮೊಳ ಹೂವನ್ನು ವಿಜಯಲಕ್ಷ್ಮಿ ಯಾರಿಗೂ ಮಾರುವುದಿಲ್ಲ. ಜೆ.ಪಿ. ನಗರದ ಗಣಪತಿ ಗುಡಿಯ ಪಕ್ಕ ಅವಳ ಅಂಗಡಿ. ಅಂಗಡಿಯೆಂದರೆ ಒಂದು ಹಳೆಯ ಮರದ ಮಂಚ, ಮೇಲೊಂದು ನೀಲಿ ಟಾರ್ಪಾಲು. ಆರು ಗಂಟೆಗೆ ಬಂದು ಬುಟ್ಟಿ ಇಳಿಸಿ, ಕಾಕಡ ಮಲ್ಲಿಗೆ ಕಟ್ಟಿ, ಮೊಣಕೈಯಿಂದ ಬೆರಳ ತುದಿಗೆ ಅಳೆದು, ಗುಡಿಯ ಹೊಸ್ತಿಲಲ್ಲಿಟ್ಟು ಬರುತ್ತಾಳೆ. ಗಂಡ ತೀರಿಕೊಂಡಾಗಲೂ ಇದು ತಪ್ಪಲಿಲ್ಲ. ಸೂತಕದ ಅಷ್ಟೂ ದಿನ ಬಾಳೆಹಣ್ಣಿನ ಅಂಗಡಿಯವಳ ಕೈಯಲ್ಲಿ ಕಟ್ಟಿಸಿ ಇಡಿಸಿದ್ದಳು. ಏನು ಬೇಡಿಕೊಳ್ತೀಯಮ್ಮ ಎಂದು ಪೂಜಾರಪ್ಪನವರು ಒಮ್ಮೆ ಕೇಳಿದ್ದರು. ಏನೂ ಇಲ್ಲ ಸ್ವಾಮಿ, ಇಡೋದಷ್ಟೇ, ಅಂದಿದ್ದಳು.

ಅವಳು ಹುಟ್ಟಿದ್ದು ಸಾರಕ್ಕಿಯಲ್ಲಿ. ತಂದೆ ಮುನಿಯಣ್ಣನ ಕನಕಾಂಬರದ ತೋಟ ಬಡಾವಣೆಗೆ ಹೋಯಿತು. ಬೆಳೆದು ಮಾರುತ್ತಿದ್ದವನು ಕೊಂಡು ಮಾರತೊಡಗಿದ. ಹೂವಿನವರ ಮನೆಯಲ್ಲಿ ರಜೆಯ ಲೆಕ್ಕ ತಲೆಕೆಳಗು. ಊರಿಗೆಲ್ಲ ಬಿಡುವು ಇದ್ದಾಗ ಇವರಿಗೆ ಉಸಿರಾಡಲು ಪುರುಸೊತ್ತಿಲ್ಲ. ದಸರಾ, ಸಂಕ್ರಾಂತಿ, ಭಾನುವಾರದ ಮದುವೆಗಳು, ಎಲ್ಲಕ್ಕೂ ಮನೆಯ ಅಷ್ಟೂ ಕೈಗಳು ದಾರಕ್ಕೆ ಬೀಳಲೇಬೇಕು.

ಜಯನಗರದ ಹೈಸ್ಕೂಲಿನಲ್ಲಿ ಅವಳಿಗೆ ಇಬ್ಬರು ಗೆಳತಿಯರಿದ್ದರು. ಒಬ್ಬಳು ಶಾಲಿನಿ. ಇನ್ನೊಬ್ಬಳು ಬಾದಾಮಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮೇಸ್ತ್ರಿಯ ಮಗಳು ದುಂಡವ್ವ. ಎರಡು ಮೂರು ದಿನದ ರಜೆ ಒಟ್ಟಿಗೆ ಬಂದರೆ ಸಾಕು, ಶಾಲಿನಿಯ ಸೋದರಮಾವ ಚಿಕ್ಕಬೈರಪ್ಪ ತನ್ನ ಮೆಟಡಾರ್ ವ್ಯಾನಿನಲ್ಲಿ ಮನೆಯವರನ್ನೂ ಹುಡುಗಿಯರನ್ನೂ ತುಂಬಿಕೊಂಡು ಹೊರಡುತ್ತಿದ್ದ. ಘಾಟಿ, ಶಿವನಸಮುದ್ರ, ಮುತ್ತತ್ತಿ. ಛತ್ರದಲ್ಲಿ ಜಮಖಾನ ಹಾಸಿ ಮಲಗುವುದು, ಹೊಳೆಯಲ್ಲಿ ಸ್ನಾನ, ದುಂಡವ್ವನ ತಾಯಿ ಕಟ್ಟಿಕೊಟ್ಟ ಗರಿಗರಿ ಕಟಿ ರೊಟ್ಟಿ, ಗುರೆಳ್ಳು ಪುಡಿ.

ವಿಜಯಲಕ್ಷ್ಮಿ ಒಂದು ಸಲವೂ ಹೋಗಲಿಲ್ಲ.

ಹೋಗದಿದ್ದರೂ ಅವಳಷ್ಟು ಚೆನ್ನಾಗಿ ಕೇಳಿಸಿಕೊಂಡವರು ಇರಲಿಲ್ಲ. ಶಾಲೆಯ ಹೊಂಗೆ ಮರದ ಕೆಳಗೆ ಕೂತು ಒಂದೊಂದೇ ಪ್ರಶ್ನೆ ಹಾಕುತ್ತಿದ್ದಳು. ಜಮಖಾನದ ಬಣ್ಣ ಏನು? ಹೊಳೆಯ ನೀರು ಮೊಳಕಾಲಿಗೆ ಬರ್ತಿತ್ತಾ, ಸೊಂಟಕ್ಕಾ? ಬಂಡೆಯಿಂದ ನೋಡಿದರೆ ಗುಡಿ ಕಾಣುತ್ತಾ? ಹೇಳುವವರಿಗೇ ಮರೆತದ್ದು ಅವಳ ಪ್ರಶ್ನೆಯಿಂದ ನೆನಪಾಗುತ್ತಿತ್ತು.

ಹೋದವರಿಗೆ ಕಾಲ ಕಳೆದಂತೆ ಒಂದೂರು ಇನ್ನೊಂದರೊಳಗೆ ಕಲಸಿಹೋಯಿತು. ಕೇಳಿದವಳಿಗೆ ಎಲ್ಲವೂ ಹಾಗೇ ಉಳಿಯಿತು. ಶಾಲಿನಿಯ ಸೀಮಂತದ ದಿನ ಯಾರೋ ಮುತ್ತತ್ತಿಯ ಮಾತೆತ್ತಿದರು. ತಣ್ಣಗಾಗಲೆಂದು ಹೊಳೆಯಲ್ಲಿಟ್ಟಿದ್ದ ಕಲ್ಲಂಗಡಿ ತೇಲಿಹೋಗಿ, ಚಿಕ್ಕಬೈರಪ್ಪ ಪಂಚೆ ಎತ್ತಿಕೊಂಡು ಅದರ ಹಿಂದೆ ಓಡಿದ ಕತೆ. "ಹಿಡ್ಕೋ ಅಂದಿದ್ರೂ ಬಿಟ್ಟಿದ್ದು ಈ ವಿಜೀನೇ," ಅಂದಳು ಶಾಲಿನಿ. ಎಲ್ಲರೂ ನಕ್ಕರು. ವಿಜಯಲಕ್ಷ್ಮಿಯೂ ನಕ್ಕಳು. ಇಲ್ಲ ಅನ್ನಲು ಒಂದು ಕ್ಷಣವಿತ್ತು, ಅದು ದಾಟಿಹೋಯಿತು. ಆಮೇಲೆ ಪ್ರತಿಸಲವೂ ಅವಳು ಆ ಹೊಳೆಯಲ್ಲಿದ್ದಳು. ದೇವರಿಗೆ ಹೂವಿಡುವ ಕೈ ಸುಳ್ಳು ಹೇಳಿಲ್ಲ, ಬಾಯಿ ಸುಮ್ಮನಿತ್ತು, ಅಷ್ಟೇ. ಜನ್ಮದಲ್ಲಿ ಅವಳು ಕಂಡ ರಜೆಯೆಂದರೆ ಅದೊಂದೇ.

ಈ ಜನವರಿಯಲ್ಲಿ ಗಣರಾಜ್ಯೋತ್ಸವ ಸೋಮವಾರ ಬಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ ಶಾಲಿನಿ, ದುಂಡವ್ವ ಇಬ್ಬರೂ ಅಂಗಡಿಗೆ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

"ಮುತ್ತತ್ತಿಗೆ ಹೋಗೋಣ ಕಣೇ," ಅಂದಳು ಶಾಲಿನಿ. "ಶನಿವಾರ ಹೊರಟು ಸೋಮವಾರ ವಾಪಸ್. ಲಿಖಿತ್ ಕಾರ್ ಓಡಿಸ್ತಾನೆ."

"ನಿನ್ನ ಮಗ ಓಡಿಸೋದು ಬೇಡ ಯವ್ವಾ," ಅಂದಳು ದುಂಡವ್ವ. "ಅಂಜನಾಪುರದಿಂದ ಇಲ್ಲಿಗೆ ಬರೋಷ್ಟರಲ್ಲೇ ನಂಗೆ ನಾಲ್ಕು ದೇವರು ಕಂಡ್ರು."

"ನೀನು ಡಿಕ್ಕೀಲಿ ಕೂತ್ಕೋ, ಏನೂ ಕಾಣಲ್ಲ. ವಿಜಿ ಮುಂದೆ ಕೂತ್ಕೋತಾಳೆ. ದಾರಿ ಹೇಳ್ಬೇಕಲ್ಲ."

"ನಾನ್ಯಾಕೆ?"

"ಮತ್ತಿನ್ಯಾರು? ನಾವು ಕೂರ್ತಿದ್ದ ಆ ಬಂಡೆ ಎಲ್ಲಿತ್ತು ಅಂತ ನಮ್ಮಿಬ್ರಿಗೂ ಗೊತ್ತಿಲ್ಲ. ಹೋದ್ವರ್ಷ ನಮ್ಮೆಜಮಾನ್ರ ಜೊತೆ ಹೋಗಿ ಹುಡುಕಿದೆ, ಸಿಗ್ಲಿಲ್ಲ. ನಿಂಗೆ ಎಲ್ಲಾ ನೆನಪಿರುತ್ತಲ್ಲ. ಗುಡಿಯಿಂದ ಎಡಕ್ಕಾ, ಬಲಕ್ಕಾ?"

ವಿಜಯಲಕ್ಷ್ಮಿಯ ಬೆರಳು ನಿಂತವು. ಬಂಡೆಯ ಮೇಲೆ ಆನೆಯ ಬೆನ್ನಿನಂಥ ಉಬ್ಬಿತ್ತು ಎಂದು ಅವಳಿಗೆ ಗೊತ್ತು. ಅದರ ಮೇಲೆ ಯಾರು ಯಾರ ಪಕ್ಕ ಕೂತಿದ್ದರು, ಬಲಗಡೆ ಯಾರ ಲಂಗ ಒಣಗುತ್ತಿತ್ತು, ಎಲ್ಲವೂ ಗೊತ್ತು. ಎಡವೋ ಬಲವೋ ಎಂದು ಆವತ್ತು ಅವಳು ಕೇಳಿರಲಿಲ್ಲ. ಹೋಗುವವರು ಮಾತ್ರ ಕೇಳುವ ಪ್ರಶ್ನೆ ಅದು.

ಒಬ್ಬ ಗಿರಾಕಿ ಎರಡು ಮೊಳ ಮಲ್ಲಿಗೆ ಕೇಳಿದ. ಅಳೆದು ಕೊಟ್ಟಳು. ಅವನು ಹೋದ ಮೇಲೆ ಹೇಳಿದಳು, "ನಾನು ಬಂದಿರ್ಲಿಲ್ಲ ಕಣೇ."

"ಎಲ್ಲಿಗೆ?"

"ಮುತ್ತತ್ತಿಗೆ. ಘಾಟಿಗೂ ಇಲ್ಲ. ಯಾವುದಕ್ಕೂ ಬಂದಿಲ್ಲ. ರಜೆ ದಿನ ನಮ್ಮಪ್ಪ ಎಲ್ಲಿಗೆ ಬಿಡ್ತಿದ್ದ? ನೀವು ಹೇಳಿದ್ದು ಕೇಳಿದ್ದೆ, ಅಷ್ಟೇ."

"ಹೋಗೇ, ತಮಾಷೆ ಮಾಡ್ಬೇಡ. ಕಲ್ಲಂಗಡಿ ಬಿಟ್ಟಿದ್ದು ನೀನಲ್ವಾ? ನನ್ನ ಕಣ್ಣಾರೆ ನೋಡಿದೀನಿ."

ದುಂಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅದು ನಾನು," ಅಂದಳು. "ನಿಮ್ಮ ಮಾವ ಬೈತಾರೆ ಅಂತ ಸುಮ್ನಿದ್ದೆ. ಆಮೇಲೆ ನೀನು ಇವಳ ಹೆಸರು ಹೇಳ್ದೆ, ಇವಳೂ ನಕ್ಕಳು. ನಂಗೇ ಇವಳೇ ಇರ್ಬೇಕು ಅನಿಸಿಬಿಡ್ತು."

ಶಾಲಿನಿ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. ಈ ಮಾತು ಹೊರಬಿದ್ದ ದಿನ ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದಳು ವಿಜಯಲಕ್ಷ್ಮಿ. ಏನೂ ಆಗಲಿಲ್ಲ. ನಾಚಿಕೆಯೂ ಆಗಲಿಲ್ಲ, ಹಗುರವೂ ಆಗಲಿಲ್ಲ. ಎದುರಿನ ಬಸ್ ಸ್ಟಾಪಿನಲ್ಲಿ ಬನಶಂಕರಿಯ ಬಸ್ಸು ನಿಂತು ಹೊರಟಿತು. ಕೈ ತನ್ನಷ್ಟಕ್ಕೆ ಇನ್ನೊಂದು ಗಂಟು ಹಾಕಿತು.

"ಒಂದ್ಸಲಾನೂ ಬಂದಿರ್ಲಿಲ್ವಾ?" ಶಾಲಿನಿಯ ದನಿ ಇಳಿದಿತ್ತು. "ಹಾಗಾದ್ರೆ ಈ ಸಲ ಬರ್ಲೇಬೇಕು. ಶನಿವಾರ ಕಾರು ನಿನ್ನ ಮನೆ ಬಾಗಿಲಿಗೇ ಬರುತ್ತೆ. ಅಂಗಡೀಲಿ ನಮ್ಮ ನಾದಿನಿ ಕೂರ್ತಾಳೆ, ಅವಳಿಗೆ ಹೂವು ಕಟ್ಟೋಕೆ ಬರುತ್ತೆ."

"ಭಾನುವಾರ ರಥಸಪ್ತಮಿ."

"ಗೊತ್ತು. ಇಬ್ರನ್ನ ಕೂರಿಸ್ತೀನಿ. ನೀನು ಒಂದು ಕಡ್ಡಿನೂ ಎತ್ತಿಡ್ಬೇಡ, ಬಂದು ಕಾರಲ್ಲಿ ಕೂತ್ಕೋ ಸಾಕು."

ನೆಪವೆಲ್ಲ ಮುಗಿದಿತ್ತು. ವಿಜಯಲಕ್ಷ್ಮಿ ತನ್ನೊಳಗೆ ಹೋಗಬೇಕೆನ್ನುವ ಆ ಹಳೆಯ ಆಸೆಯನ್ನು ಹುಡುಕಿದಳು. ಬುಟ್ಟಿಯ ತಳದವರೆಗೂ ಕೈ ಹಾಕಿ ತಡಕಿದ ಹಾಗೆ ಹುಡುಕಿದಳು.

"ಬೇಡ ಶಾಲಿನಿ."

"ನನ್ನ ಮೇಲೆ ಕೋಪಾನಾ?"

"ಇಲ್ವೇ. ಹೋಗ್ಬೇಕು ಅಂತ ಅನ್ನಿಸ್ತಾನೇ ಇಲ್ಲ."

"ಆವಾಗ?" ಎಂದು ಕೇಳಿದಳು ದುಂಡವ್ವ.

"ಆವಾಗ ನೀವು ವಾಪಸ್ ಬರೋವರ್ಗೂ ಅನ್ನ ಸೇರ್ತಿರ್ಲಿಲ್ಲ." ಸೇವಂತಿಗೆಯ ರೇಟು ಹೇಳುವ ದನಿಯಲ್ಲೇ ಹೇಳಿದಳು.

ಶಾಲಿನಿ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಇನ್ನೂ ಎರಡು ದಿನ ಇದೆ, ಯೋಚನೆ ಮಾಡು. ಮುಂದಿನ ಸೀಟು ನಿಂಗೇ ಅಂತ ಇಟ್ಟಿರ್ತೀನಿ."

"ಇಡ್ಬೇಡ ಕಣೇ," ಅಂದಳು ವಿಜಯಲಕ್ಷ್ಮಿ. "ದುಂಡವ್ವನ್ನ ಕೂರಿಸು. ಕಾಲು ಚಾಚ್ಕೊಂಡು ಹೋಗ್ಲಿ."