ಸದ್ದು ಮಾಡದ ಗುಂಡು

ಸೈನ್ಯದ ಗುಂಡು ಹಾರಿಸುವ ಮೈದಾನದಲ್ಲಿ ನಾನು ಗುಮಾಸ್ತೆಯಾಗಿದ್ದಾಗ ಪಿಸ್ತೂಲು ಕಲಿಸುತ್ತಿದ್ದವರು ದಪ್ಪ ಮೀಸೆಯ ಒಬ್ಬ ಹವಾಲ್ದಾರರು. ಎಲ್ಲರ ಬಾಯಲ್ಲೂ ಅವರು ‘ಮೇಷ್ಟ್ರು’. ವರ್ಷಕ್ಕೊಮ್ಮೆ ನಡೆಯುವ ಅರ್ಹತಾ ಪರೀಕ್ಷೆಯಲ್ಲಿ ಹತ್ತೊಂಬತ್ತು ವರ್ಷ ಸತತವಾಗಿ ನಲವತ್ತಕ್ಕೆ ನಲವತ್ತು ಪಡೆದವರು. ಪರೀಕ್ಷೆಯೂ ಅಂಥದ್ದೇ. ಕಂಬದಂತೆ ನಿಲ್ಲಬೇಕು, ಸೀಟಿ ಊದಿದ ಮೇಲೆ ಬೇಕಾದಷ್ಟು ಹೊತ್ತು ಗುರಿ ಹಿಡಿದು ಹಾರಿಸಬೇಕು. ಶತ್ರು ಅಷ್ಟು ಪುರುಸೊತ್ತು ಕೊಡುತ್ತಾನೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಫಾರಂ ಬದಲಾಯಿಸಬೇಕಾಗುತ್ತಿತ್ತು.

ಹೊಸದಾಗಿ ಬಂದ ಮೇಜರ್ ಕೇಳಿಯೇಬಿಟ್ಟರು. ಮೂರು ಹೊಸ ಕಸರತ್ತುಗಳನ್ನು ಬರೆದು ತಂದು, “ಮೊದಲು ನೀವು ಮಾಡಿ ನೋಡಿ, ಹೇಗಿದೆ ಅಂತ ವರದಿ ಕೊಡಿ” ಅಂದರು.

“ನಾನು ಮಾಡಿದ್ರೆ ಏನ್ ಗೊತ್ತಾಗುತ್ತೆ ಸರ್? ಎಲ್ಲಾ ಸುಲಭ ಅನ್ಸುತ್ತೆ,” ಎಂದು ಮೇಷ್ಟ್ರು ಮೀಸೆ ಸವರಿಕೊಂಡರು.

ಮೊದಲನೆಯದರಲ್ಲಿ ಸೊಂಟದ ಚೀಲದಿಂದ ಪಿಸ್ತೂಲು ಎಳೆದು ಮೂರು ಸೆಕೆಂಡಿನಲ್ಲಿ ಎರಡು ಗುಂಡು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು, ಹೇಗೋ ದಾಟಿದರು. ಎರಡನೆಯದರಲ್ಲಿ ಮೊಣಕಾಲೂರಿ ಹಾರಿಸಿ ಎದ್ದು ನಿಲ್ಲಬೇಕು. ಊರುವುದೇನೋ ಊರಿದರು. ಏಳಲು ನನ್ನ ಭುಜ ಬೇಕಾಯಿತು.

“ಬರ್ಕೋಮ್ಮ. ಇದು ಮಂಡಿ ಪರೀಕ್ಷೆ, ಗುರಿದಲ್ಲ.”

ಮೂರನೆಯದರಲ್ಲಿ ಮದ್ದಿಲ್ಲದ ಹುಸಿ ಗುಂಡುಗಳನ್ನು ಅಸಲಿ ಗುಂಡುಗಳ ಜೊತೆ ಬೇರೆಯವರು ಬೆರೆಸಿ ತುಂಬಬೇಕು. ಯಾವುದು ಯಾವಾಗ ಬರುತ್ತದೆಂದು ಹಾರಿಸುವವರಿಗೆ ತಿಳಿಯದು. ಬೆರೆಸಿದವಳು ನಾನೇ. ಮೂರನೇ ಸಲ ಟ್ರಿಗರ್ ಎಳೆದಾಗ ಬರೀ ‘ಟಕ್’ ಎಂದಿತು. ಆದರೆ ಪಿಸ್ತೂಲಿನ ಮೂತಿ ನಮಸ್ಕಾರ ಮಾಡುವಂತೆ ನೆಲಕ್ಕೆ ಬಾಗಿತ್ತು. ಮೇಷ್ಟ್ರ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು.

ಸಾಲಾಗಿ ನಿಂತಿದ್ದ ಹೊಸ ಸಿಪಾಯಿಗಳೆಲ್ಲ ನೋಡಿದರು. “ಸದ್ದಿಗೆ ಹೆದರೋರು ಹೋಗಿ ತರಕಾರಿ ಹೆಚ್ಚಿ” ಎಂದು ಅವರಿಗೆ ದಿನಾ ಬೈಯುತ್ತಿದ್ದವರು ಇವರೇ. ಇಷ್ಟು ವರ್ಷ ತಮಗೇ ತಿಳಿಯದ ಹಾಗೆ ಒಂದು ಬೆರಳಿನಷ್ಟು ಮೇಲಕ್ಕೆ ಗುರಿ ಹಿಡಿದು, ಸದ್ದಿಗೆ ಬೆಚ್ಚಿ ಕೈ ಇಳಿಸಿ, ಗುಂಡನ್ನು ನಡುಮಧ್ಯಕ್ಕೆ ಬೀಳಿಸುತ್ತಿದ್ದರು. ಆ ಲಯ ತಪ್ಪಿದ ಮೇಲೆ ಉಳಿದ ಗುಂಡುಗಳು ದಿಕ್ಕಾಪಾಲಾದವು. ಮೂರೂ ಸೇರಿ ನಲವತ್ತಕ್ಕೆ ಇಪ್ಪತ್ತೆರಡು. ಪಾಸಾಗಲು ಮೂವತ್ತು ಬೇಕಿತ್ತು.

ಮರುದಿನ ಮೇಷ್ಟ್ರಿಗೆ ಗಂಟಲು ನೋವು, ರಜೆ. ವರದಿ ಬರೆಸಿಕೊಳ್ಳಲು ನಾನೇ ಅವರ ಮನೆಗೆ ಹೋದೆ. ಹೆಂಡತಿ ಬಾಗಿಲು ತೆಗೆದರು.

“ಬಾಮ್ಮ. ಗಂಟಲು ನೋವಂತೆ. ಬೆಳಗ್ಗೆಯಿಂದ ನನ್ನ ಜೊತೆ ಜಗಳ ಮಾತ್ರ ಸೊಗಸಾಗಿ ಆಡ್ತಿದ್ದಾರೆ.”

ಮೇಷ್ಟ್ರು ಕುರ್ಚಿಯಲ್ಲಿ ಮುದುಡಿ ಕೂತಿದ್ದರು. “ನಾನು ಕಣ್ಣು ಮುಚ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ ನೋಡು.”

“ನನಗೆ ಗೊತ್ತಿತ್ತು,” ಎಂದು ಆಕೆ ಗೋಡೆಯ ಕಡೆ ಕೈ ತೋರಿಸಿದರು. ಮದುವೆಯ ಹನ್ನೊಂದು ಫೋಟೋ. ಹನ್ನೊಂದರಲ್ಲೂ ಮದುಮಗ ನಿದ್ದೆಯಲ್ಲಿದ್ದ. “ಫ್ಲಾಶ್ ಹೊಡೆದ್ರೆ ಸಾಕು. ಕೊನೆಗೆ ಫೋಟೋದೋನು ಕೈ ಮುಗಿದ.”

“ಹೇಳೋದಲ್ವೇನೇ?”

“ಕೇಳೋರಾಗಿದ್ರೇನ್ರೀ?”

ಮೇಷ್ಟ್ರು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಪೆನ್ನು ಕೇಳಿ ತಾವೇ ಬರೆದರು: ಮೊದಲನೆಯದು ಇರಲಿ. ಎರಡನೆಯದಕ್ಕೆ ಇನ್ನೂ ಮೂರು ಸೆಕೆಂಡು ಕೊಡಿ. ಮೂರನೆಯದನ್ನು ಎಲ್ಲರಿಗೂ ಕಡ್ಡಾಯ ಮಾಡಿ, ಮೊದಲು ಕಲಿಸುವವರಿಗೆ. ನನ್ನ ಅಂಕ ಇಪ್ಪತ್ತೆರಡು, ಅನುತ್ತೀರ್ಣ.

“ಅಂಕ ಹಾಕ್ಲೇಬೇಕಾ ಸರ್?” ಎಂದೆ.

“ಮೂವತ್ತು ಜನ ನೋಡಿದ್ದಾರಮ್ಮ. ನಾನು ಬರೀದಿದ್ರೆ ಅವರು ಇನ್ನೂ ಚೆನ್ನಾಗಿ ಬರೀತಾರೆ.”

ಮೂರೂ ಜಾರಿಗೆ ಬಂದವು. ಕರ್ನಲ್ ಸಾಹೇಬರಿಗೆ ಹತ್ತೊಂಬತ್ತು ಬಂತು. ಆ ವಾರವೇ ಅವರ ಅಪ್ಪಣೆಯ ಮೇರೆಗೆ ನನ್ನ ಸ್ಟಾಪ್‌ವಾಚ್ ದುರಸ್ತಿಗೆ ಹೋಯಿತು. ಮೇಷ್ಟ್ರು ಎರಡು ತಿಂಗಳು ಹೊಸಬರ ಸಾಲಿನಲ್ಲೇ ನಿಂತು ಹುಸಿ ಗುಂಡು ಹಾರಿಸಿ, ಮೂವತ್ತಮೂರು ಪಡೆದು ಪಾಸಾದರು. ಕಲಿಸುವುದನ್ನು ಬಿಡಲಿಲ್ಲ. ಯಾರಾದರೂ ಬೆಚ್ಚಿದರೆ ಅವರ ಪಕ್ಕಕ್ಕೆ ಹೋಗಿ, “ನಂಗೂ ಹಿಂಗೇ ಆಗ್ತಿತ್ತು ಕಣಯ್ಯ, ಇನ್ನೊಂದ್ಸಲ ಹಾರಿಸು” ಅನ್ನುತ್ತಿದ್ದರು.