ಹೆಸರಿನ ನಡುವಿನ ಖಾಲಿ ಜಾಗ

ಶಿಗ್ಗಾವಿಯಲ್ಲಿ ಧೀರೇಂದ್ರ ಅವರ ಕಂಪ್ಯೂಟರ್ ಕ್ಲಾಸಿಗೆ ಇಪ್ಪತ್ತೆರಡು ವರ್ಷವಾಯಿತು. ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದ ಪಡಸಾಲೆಯಲ್ಲೇ ಅದು ನಡೆಯುತ್ತದೆ. ಸುತ್ತಲಿನ ಊರುಗಳಲ್ಲಿ ಸೋಬಾನೆ ಪದ, ಬೀಸುವ ಪದ ಧ್ವನಿಮುದ್ರಿಸುವ ರಾಜಶ್ರೀ ಕಳೆದ ವರ್ಷ ಅವರಿಗೊಂದು ಕೆಲಸ ಒಪ್ಪಿಸಿದರು. ದೊಡ್ಡ ಫೈಲುಗಳನ್ನು ಮೊಬೈಲಿನಲ್ಲಿ ಕೇಳುವಷ್ಟು ಚಿಕ್ಕದು ಮಾಡಿಕೊಡಬೇಕಿತ್ತು.

ಧೀರೇಂದ್ರ ಹದಿನೈದು ಸಾಲಿನ ಪ್ರೋಗ್ರಾಂ ಬರೆದರು. ಅದು ಒಂದೊಂದೇ ಫೈಲಿನ ಹೆಸರನ್ನು ಧ್ವನಿ ಕುಗ್ಗಿಸುವ ಇನ್ನೊಂದು ಪ್ರೋಗ್ರಾಮಿಗೆ ಕೊಡುತ್ತಿತ್ತು, ನಂತರ ಜಾಗ ಉಳಿಸಲು ಮೂಲ ಫೈಲನ್ನು ಅಳಿಸುತ್ತಿತ್ತು. ತಮ್ಮವೇ ನಾಲ್ಕು ಫೈಲು ಹಾಕಿ ಪರೀಕ್ಷಿಸಿದರು. ನಾಲ್ಕೂ ಒಂದೇ ಪದದ ಹೆಸರಿನವು. ಸರಿಯಾಗಿ ನಡೆಯಿತು.

ರಾಜಶ್ರೀ ಹಾಗೆ ಹೆಸರಿಡುತ್ತಿರಲಿಲ್ಲ. ಈ ಭಾಗದ ಯಾವ ಊರಿಗೆ ಹೋದರೂ ನಾಲ್ಕಾರು ಚೌಡವ್ವರು ಸಿಗುತ್ತಾರೆ. ಹಾಗಾಗಿ ಹಾಡಿದವರ ಹೆಸರು, ಗಂಡನ ಹೆಸರು, ಊರು ಮೂರನ್ನೂ ಬಿಡಿಸಿ ಬರೆಯುತ್ತಿದ್ದರು. ನಡುವೆ ಖಾಲಿ ಜಾಗವಿರುವ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಕೊಡಬೇಕು. ಇಲ್ಲದಿದ್ದರೆ ಎದುರಿನ ಪ್ರೋಗ್ರಾಂ ಅದನ್ನು ಮೂರು ಬೇರೆ ಹೆಸರು ಎಂದುಕೊಳ್ಳುತ್ತದೆ. ಧೀರೇಂದ್ರ ಚಿಹ್ನೆ ಹಾಕಿರಲಿಲ್ಲ. ಕುಗ್ಗಿಸುವ ಪ್ರೋಗ್ರಾಂ ಬರೀ 'ಚೌಡವ್ವ' ಎಂಬ ಫೈಲು ಹುಡುಕಿ, ಸಿಗದೆ, ಸುಮ್ಮನೆ ನಿಂತಿತು. ಧೀರೇಂದ್ರರ ಮುಂದಿನ ಸಾಲು ಮಾತ್ರ ಪೂರ್ತಿ ಹೆಸರು ಹಿಡಿದು ಮೂಲವನ್ನು ಅಳಿಸಿತು. ಹೀಗೆ ಹತ್ತೊಂಬತ್ತು ಹಾಡು ಹೋದವು. ರಾಜಶ್ರೀಯ ಮೆಮೊರಿ ಕಾರ್ಡಿನಲ್ಲಿ ಅಷ್ಟೊತ್ತಿಗೆ ಬೇರೆ ಊರಿನ ಹಾಡು ತುಂಬಿದ್ದವು. ಅಳಿಸಿದ್ದನ್ನು ಮರಳಿ ತೆಗೆಯಲೆಂದು ಕೊಟ್ಟ ಕಂಪ್ಯೂಟರಿನ ಡಿಸ್ಕನ್ನು ಹುಬ್ಬಳ್ಳಿಯ ಅಂಗಡಿಯೊಂದು ಎಂಟು ದಿನ ಇಟ್ಟುಕೊಂಡು ಹಾಗೆಯೇ ವಾಪಸು ಕೊಟ್ಟಿತು.

ಹದಿನೆಂಟು ಹೆಂಗಸರು ಮತ್ತೆ ಹಾಡಲು ಒಪ್ಪಿದರು. ಚಿಕ್ಕೇರೂರಿನ ಚೌಡವ್ವ ತೀರಿಕೊಂಡು ಎರಡು ತಿಂಗಳಾಗಿತ್ತು.

ಆಕೆಯ ಮಗ ಹುಲಗೇಶ ಒಂದು ಮಂಗಳವಾರ ಪೆನ್‌ಡ್ರೈವ್ ಹಿಡಿದು ಬಂದ. ವಿಷಯ ಅವನಿಗೆ ಗೊತ್ತಿರಲಿಲ್ಲ. ತಾಯಿಯ ಧ್ವನಿ ಇದ್ದದ್ದು ಆ ಒಂದು ಹಾಡಿನಲ್ಲಿ ಮಾತ್ರ.

"ಮಾಸ್ತರ, ಅವ್ವನ್ನ ಕರ್ಕೊಂಡ ಹೋಗಾಕ ಬಂದೇನ್ರಿ," ಎಂದು ನಕ್ಕ. "ಮನ್ಯಾಗ ನನ್ನ ಬೈಯಾಕ ಯಾರೂ ಇಲ್ದಂಗ ಆಗೇತಿ."

"ಕುಂದರ್ರಿ, ಹುಲಗೇಶ."

ಧೀರೇಂದ್ರ ಎಲ್ಲವನ್ನೂ ಹೇಳಿದರು. ಐದು ನಿಮಿಷವೂ ಹಿಡಿಯಲಿಲ್ಲ.

"ಬರೇ ಚೌಡವ್ವ ಅಂತ ಬರೆದಿದ್ರ ಉಳೀತಿತ್ತೇನ್ರಿ?"

"ಉಳೀತಿತ್ರಿ."

"ನಮ್ಮ ಓಣ್ಯಾಗ ಐದು ಮಂದಿ ಚೌಡವ್ವ ಅದಾರ. ಆಗ ನಮ್ಮವ್ವ ಯಾರಂತ ಹೆಂಗ ಗೊತ್ತಾಗ್ತಿತ್ರಿ?"

"ಬರದವರದು ತಪ್ಪಿಲ್ರಿ. ತಪ್ಪು ನಂದು."

"ಅಳಿಸೂ ಮುಂದ ಒಮ್ಮೆ ನೋಡಬೇಕಿತ್ರಿ ನೀವು."

"ಹೌದ್ರಿ."

ಹುಲಗೇಶ ಚಹಾ ಕುಡಿದ. ತನ್ನ ಕಪ್ಪನ್ನು ತಾನೇ ತೊಳೆಯಲು ಎದ್ದವನನ್ನು ಧೀರೇಂದ್ರ ತಡೆದರು. ಬಸ್ಸು ಎಷ್ಟಕ್ಕೆ ಎಂದು ಕೇಳಿಕೊಂಡು ಅವನು ಹೊರಟ.

ಆಮೇಲೆ ಧೀರೇಂದ್ರ ಪ್ರೋಗ್ರಾಂ ತೆರೆದು ಉದ್ಧರಣ ಚಿಹ್ನೆಗಳನ್ನು ಸೇರಿಸಿದರು. ಅಳಿಸುವ ಸಾಲನ್ನು ತೆಗೆದರು. ಪರೀಕ್ಷೆಗೆ ಮೂರು ಪದದ ಹೆಸರಿನ ಫೈಲೊಂದು ಬೇಕಿತ್ತು. ಖಾಲಿ ಪಡಸಾಲೆಯನ್ನೇ ಹತ್ತು ಸೆಕೆಂಡು ಧ್ವನಿಮುದ್ರಿಸಿ 'ಚೌಡವ್ವ ಮಲ್ಲೇಶಪ್ಪ ಚಿಕ್ಕೇರೂರು' ಎಂದು ಹೆಸರಿಟ್ಟರು. ಫೈಲು ಪೂರ್ತಿ ಹೆಸರಿನೊಂದಿಗೆ ಚಿಕ್ಕದಾಗಿ ಹೊರಬಂತು. ತೆರೆದು ಕೇಳಿದರು. ಫ್ಯಾನಿನ ಸದ್ದು ಇತ್ತು.