ಆದರೆ ಅಕ್ಕ

ಅವಳಿಗೆ ಆ ಹೆಸರಿಟ್ಟವರು ಯಾರೋ, ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಈಗ ಬೇರೆ ಹೆಸರೇ ನಡೆಯುವುದಿಲ್ಲ. ಡಯಾಲಿಸಿಸ್ ವಿಭಾಗದಲ್ಲಿ ರೋಗಿಗಳ ಸರದಿ ಗೊತ್ತುಮಾಡುವ ಕೆಲಸ ಹತ್ತೊಂಬತ್ತು ವರ್ಷದಿಂದ ಅವಳದು. ಹನ್ನೊಂದು ಯಂತ್ರ, ಅದರಲ್ಲಿ ಒಂದು ತುರ್ತಿಗೆ ಮೀಸಲು, ದಿನಕ್ಕೆ ಎರಡು ಪಾಳಿ. ಏನು ಕೇಳಿದರೂ ಉತ್ತರ ಕೊಟ್ಟು, ಬಾಗಿಲವರೆಗೆ ಹೋದವರನ್ನು ಮತ್ತೆ ಕರೆದು 'ಆದರೆ' ಎಂದು ಇನ್ನೊಂದು ಮಾತು ಸೇರಿಸಿಯೇ ಬಿಡುವಳು. ಮದುವೆಗೆ ಒಪ್ಪಿಗೆ ಕೇಳಿದಾಗಲೂ 'ಹೂಂ, ಆದರೆ' ಅಂದವಳು ಎಂದು ಗಂಡ ಇಂದಿಗೂ ಕಾಲೆಳೆಯುತ್ತಾನೆ.

ಆ ವರ್ಷ ಆಸ್ಪತ್ರೆಯವರು ಫೋನಿನಲ್ಲಿ ಮಾತಾಡುವ ಎಐ ಸಹಾಯಕನನ್ನು ತಂದರು. ಸರದಿ ಹುಡುಕಲು, ಕೊಡಲು, ಬದಲಿಸಲು ಕಂಪ್ಯೂಟರಿನಲ್ಲಿ ಹದಿನಾಲ್ಕು ಟೂಲ್‌ಗಳಿದ್ದವು. ಯಾವುದು ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂದು ಬರೆದುಕೊಟ್ಟರೆ ಎಐ ಓದಿಕೊಂಡು ಕೆಲಸ ಮಾಡುತ್ತದಂತೆ. ಬರೆಯುವ ಕೆಲಸ ಅಕ್ಕನ ತಲೆಗೆ ಬಂತು. 'ಸರದಿ ಬದಲಿಸು' ಎಂಬ ಟೂಲಿಗೆ ಅವಳು ಎರಡು ಸಾಲು ಬರೆದಳು. ರೋಗಿ ಕೇಳಿದ ಹೊತ್ತಿಗೆ ಸರದಿಯನ್ನು ಬದಲಿಸುತ್ತದೆ ಎಂಬುದು ಮೊದಲನೆಯದು. ಆದರೆ ಇದು ಹಳೆಯ ಸರದಿಯನ್ನು ಬಿಟ್ಟುಕೊಟ್ಟ ಮೇಲೆ ಹೊಸದನ್ನು ಹುಡುಕುತ್ತದೆ, ಜಾಗ ಖಾಲಿ ಇದೆಯೇ ಎಂದು ನೋಡದೆ ಮುಟ್ಟಬೇಡ ಎಂಬುದು ಎರಡನೆಯದು.

ಕಂಪ್ಯೂಟರ್ ವಿಭಾಗದ ಅಧಿಕಾರಿ ಹಾಳೆಗಳನ್ನು ತಿರುವಿ, ಪುಟಕ್ಕೆ ಹತ್ತು 'ಆದರೆ' ಇವೆಯಲ್ಲ ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಅಕ್ಕನ ಮುಖ ಬಿಸಿಯಾಯಿತು. ಒಂದನ್ನಾದರೂ ತೆಗೆ ಎಂದು ಅವನು ಹೇಳಲಿಲ್ಲ, ಅದು ನಿಜ. ಇವಳೇ ಮೇಜಿಗೆ ಮರಳಿ, ಇದೆಲ್ಲ ಯಾರಿಗೆ ಗೊತ್ತಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದುಕೊಂಡು, ಆ ಎರಡನೆಯ ಸಾಲಿನ ಮೇಲೂ ಅಂಥ ಇನ್ನೂ ಕೆಲವು ಸಾಲುಗಳ ಮೇಲೂ ಗೀಟು ಎಳೆದಳು. ಅಂಗೈಯೇ ಇಲ್ಲದ ಓದುಗನಿಗೆ ಬರೆಯುತ್ತಿದ್ದೇನೆ ಎಂಬುದು ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಮೂರನೆಯ ವಾರ, ಗುರುವಾರ ಬೆಳಿಗ್ಗೆ, ನಾಲ್ಕನೆಯ ಕುರ್ಚಿಯಲ್ಲಿ ಯಾರೋ ಹೆಂಗಸು ಕೂತಿದ್ದಳು. ಅದು ನಿವೃತ್ತ ಬಸ್ ಡ್ರೈವರ್‌ನ ಜಾಗ. ಆರು ವರ್ಷದಿಂದ ಮಂಗಳವಾರ, ಗುರುವಾರ, ಶನಿವಾರ ತಪ್ಪಿದವನಲ್ಲ. ಅಕ್ಕ ಹಿಂದಿನ ದಿನದ ಫೋನ್ ಮಾತುಕತೆ ತೆರೆದು ಓದಿದಳು. ಮೊಮ್ಮಗಳನ್ನು ಶಾಲೆಗೆ ಸೇರಿಸಲು ಹೋಗಬೇಕು, ನಾಳೆ ಮಧ್ಯಾಹ್ನ ಆಗುತ್ತದೆಯೇ ಎಂದು ಆತ ಕೇಳಿದ್ದ. ಎಐ ಆ ಟೂಲ್ ಬಳಸಿತ್ತು. ಬಿಟ್ಟುಕೊಟ್ಟ ಬೆಳಗಿನ ಸರದಿ ಕಾಯುವವರ ಪಟ್ಟಿಯಲ್ಲಿದ್ದ ಆ ಹೆಂಗಸಿಗೆ ತಾನಾಗಿ ಹೋಗಿತ್ತು, ಮಧ್ಯಾಹ್ನ ಮೊದಲೇ ಭರ್ತಿಯಾಗಿತ್ತು. ಗುರುವಾರ ಜಾಗವಿಲ್ಲ, ಶನಿವಾರ ಬನ್ನಿ ಎಂದು ಅದು ವಿನಯದಿಂದಲೇ ಹೇಳಿತ್ತು. ಯಾರಿಗೂ ತೊಂದರೆ ಕೊಡದ ಆಸಾಮಿ, ಆಗಲಿ ಎಂದು ಫೋನ್ ಇಟ್ಟಿದ್ದ.

ಆತನ ಹೃದಯ ಮೊದಲೇ ದುರ್ಬಲ, ಒಂದು ದಿನ ತಪ್ಪಿದರೂ ಮೈಯ ನೀರು ಎದೆಗೇರುತ್ತದೆ. ಅಕ್ಕ ಆತನ ಮನೆಗೆ ಫೋನ್ ಮಾಡಿದರೆ ಸೊಸೆ ಎತ್ತಿದಳು. ಮಾವನಿಗೆ ರಾತ್ರಿಯಿಂದಲೇ ಕಾಲು ಊದಿದೆ, ಮಲಗಲಾರದೆ ಎದ್ದು ಕೂತಿದ್ದಾರೆ, ಶಾಲೆಗೂ ಹೋಗಲಾಗಲಿಲ್ಲ, ಶನಿವಾರದವರೆಗೆ ತಡೆಯುತ್ತೇನೆ ಅನ್ನುತ್ತಿದ್ದಾರೆ ಎಂದಳು. ಈಗಿಂದೀಗಲೇ ಕರೆತನ್ನಿ ಎಂದು ಹೇಳಿ ಅಕ್ಕ ತುರ್ತಿನ ಯಂತ್ರಕ್ಕಾಗಿ ದೊಡ್ಡ ನರ್ಸ್ ಹತ್ತಿರ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಡ್ರೈವರ್‌ನ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ಅಧಿಕಾರಿ ಬಂದು, ಎಐ ಎಡವಟ್ಟು ಮಾಡಿದೆ, ತೆಗೆದೇ ಹಾಕೋಣ ಎಂದ. ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದರ ಮೇಲೆ ಹೊರಿಸಿದರೆ ಕೇಳುವವರು ಯಾರು?

"ಅದು ತಪ್ಪು ಮಾಡ್ಲಿಲ್ಲ, ನಾನು ಬರೆದಷ್ಟನ್ನೇ ಮಾಡ್ತು," ಎಂದಳು ಅಕ್ಕ. "ಗೊತ್ತಿದ್ದೂ ಆ ಸಾಲು ಹೊಡೆದುಹಾಕಿದ್ದು ನಾನು. ಸದ್ಯಕ್ಕೆ ನಿಲ್ಲಿಸಿ, ತಿದ್ದಿಕೊಡ್ತೀನಿ."

ಆಮೇಲೆ ಡ್ರೈವರ್‌ನ ಎದುರು ನಿಂತು ಅದನ್ನೇ ಹೇಳಿದಳು.

"ಹೊಸ ಡ್ರೈವರ್ ಬಂದ್ರೆ ನಾನೂ ಸ್ಟಾಪ್‌ಗಳ ಹೆಸರಷ್ಟೇ ಹೇಳಿ ಕಳಿಸ್ತಿದ್ದೆ ಕಣಮ್ಮ. ಯಾವ ತಿರುವಲ್ಲಿ ಬ್ರೇಕ್ ಒತ್ತಬೇಕು ಅನ್ನೋದು ಕಾಲಿಗೆ ಗೊತ್ತಿತ್ತು, ಬಾಯಿಗೆ ಬರ್ತಿರ್ಲಿಲ್ಲ," ಎಂದ. "ಆ ಹಾಳೆ ತಂದು ಓದು. ಕಂಪ್ಯೂಟರ್ ಅಂದ್ರೆ ನಂಗೆ ಏನೂ ಗೊತ್ತಿಲ್ಲ. ತಿಳೀದಿದ್ದ ಕಡೆ ನಿಲ್ಲಿಸ್ತೀನಿ."

ವಾರಕ್ಕೆ ಮೂರು ದಿನ, ನಾಲ್ಕು ಗಂಟೆ ಕೂತಲ್ಲಿಂದ ಏಳಲಾರದ ಕೇಳುಗ ಯಾರಿಗೆ ಸಿಕ್ಕಾನು? ಬಿಡುವಾದಾಗಲೆಲ್ಲ ಅಕ್ಕ ಕುರ್ಚಿಯ ಪಕ್ಕ ಸ್ಟೂಲ್ ಎಳೆದುಕೊಂಡಳು. ಕಾಯುವವರ ಪಟ್ಟಿ ಖಾಲಿ ಬಂದರೆ ಯಾರೂ ಇಲ್ಲವೆಂದೋ, ಪಟ್ಟಿಯೇ ಸಿಗಲಿಲ್ಲವೆಂದೋ ಎಂದು ಆತ ಕೇಳಿದ. ಒಬ್ಬರನ್ನೇ ಎರಡು ಸಲ ಸೇರಿಸಿದರೆ ಎರಡು ಕುರ್ಚಿ ಹಿಡಿಯುತ್ತದೆಯೇ ಎಂದ. ಹಿಡಿಯುತ್ತಿತ್ತು! ಹತ್ತೊಂಬತ್ತು ವರ್ಷದಲ್ಲಿ ಅಕ್ಕನನ್ನು ಯಾರೂ ಹೀಗೆ ಗೋಳು ಹೊಯ್ದುಕೊಂಡಿರಲಿಲ್ಲ. ಗೀಟು ಬಿದ್ದ ಸಾಲುಗಳು ಒಂದೊಂದಾಗಿ ಮರಳಿದವು, ಹೊಸವೂ ಸೇರಿದವು.

ಎಐ ಮತ್ತೆ ಫೋನಿಗೆ ಬಂದದ್ದು ಒಂದು ಶನಿವಾರ. ಡ್ರೈವರ್ ನಾಲ್ಕನೆಯ ಕುರ್ಚಿಯಲ್ಲಿದ್ದ, ಒಂದು ತೋಳಿಗೆ ಸೂಜಿ ಚುಚ್ಚಿತ್ತು. ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಮುಂದಿನ ಗುರುವಾರದ ತನ್ನ ಸರದಿಯನ್ನು ಮಧ್ಯಾಹ್ನಕ್ಕೆ ಬದಲಿಸಬೇಕು ಎಂದ. ಬೇಡ ಎಂದು ಅಕ್ಕ ಕೈ ಅಡ್ಡ ಮಾಡಿದರೂ ಕೇಳಲಿಲ್ಲ. ಆ ಮಧ್ಯಾಹ್ನ ಭರ್ತಿಯಾಗಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಬೆಳಗಿನದಕ್ಕೆ ಕಾಯುವವರೂ ಇದ್ದರು.

"ಮಧ್ಯಾಹ್ನ ಜಾಗ ಇಲ್ಲ," ಎಂದಿತು ಫೋನು. "ಆದರೆ ನಿಮ್ಮ ಬೆಳಗಿನ ಸರದಿಯನ್ನು ನಾನು ಬಿಟ್ಟುಕೊಟ್ಟಿಲ್ಲ. ಅದು ನಿಮ್ಮದಾಗಿಯೇ ಇದೆ."

ದೊಡ್ಡ ನರ್ಸ್ ಕಿಸಕ್ಕನೆ ನಕ್ಕು ಅಕ್ಕನ ಕಡೆ ತಿರುಗಿದಳು. ವಾರ್ಡಿಗೆ ವಾರ್ಡೇ ನಕ್ಕಿತು. ಅಕ್ಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಈ ಸಲ ಅವಳೂ ನಕ್ಕಳು.